ಪರದೆಯ ಮೇಲಿನ ದಾಸ್ತಾನು ವರ್ತಕನ ವಾಗ್ದಾನ

ನ್ಯಾಯಬೆಲೆ ಅಂಗಡಿಯ ಬಾಗಿಲಲ್ಲಿ ತೂಗುವ ಫಲಕವನ್ನು ನೋಡದವರು ವಿರಳ. ಆರಂಭಿಕ ದಾಸ್ತಾನು ಎಷ್ಟು, ತಿಂಗಳಲ್ಲಿ ಬಂದ ಸರಕು ಎಷ್ಟು, ಉಳಿದದ್ದು ಎಷ್ಟು, ಒಂದು ಪಡಿತರ ಚೀಟಿಗೆ ಸಲ್ಲುವ ಪ್ರಮಾಣವೆಷ್ಟು, ದರವೆಷ್ಟು ಎಂಬುದನ್ನು ಅಂಗಡಿಯವರು ಪ್ರತಿದಿನ ಎಲ್ಲರಿಗೂ ಕಾಣುವಂತೆ ಬರೆದಿಡಬೇಕೆಂದು ಸಾರ್ವಜನಿಕ ವಿತರಣಾ ವ್ಯವಸ್ಥೆ (ನಿಯಂತ್ರಣ) ಆದೇಶ, 2001 ವಿಧಿಸಿತ್ತು. ಆ ಫಲಕದ ಸಾರ ಎರಡೇ ಸಂಗತಿಗಳಲ್ಲಿದೆ: ಇರುವ ಸರಕು ಎಷ್ಟು, ಒಬ್ಬರಿಗೆ ಸಿಗುವುದು ಎಷ್ಟು. ಆನ್‌ಲೈನ್ ಮಳಿಗೆಯನ್ನು ತೆರೆದಿರುವ ಅಥವಾ ತೆರೆಯಲಿರುವ ಪ್ರತಿಯೊಬ್ಬ ವರ್ತಕರೂ ಉತ್ತರಿಸಬೇಕಾದ ಪ್ರಶ್ನೆಗಳೂ ಇವೇ ಎರಡು.

ದುರದೃಷ್ಟವಶಾತ್ ಬಹಳಷ್ಟು ವರ್ತಕರು ಈ ಪ್ರಶ್ನೆಗಳನ್ನು ತಂತ್ರಾಂಶ ಅಳವಡಿಸಿಕೊಡುವವರ ಪಾಲಿಗೆ ಬಿಟ್ಟಿದ್ದಾರೆ. ಮಳಿಗೆಯ ಬಣ್ಣ, ಚಿತ್ರಗಳು, ರಿಯಾಯಿತಿಯ ಘೋಷಣೆ ಇವುಗಳ ಬಗೆಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ದಾಸ್ತಾನಿನ ಸಂಖ್ಯೆ ಎಲ್ಲಿಂದ ಬರಬೇಕು, ಅದು ಶೂನ್ಯಕ್ಕೆ ಇಳಿದಾಗ ಏನಾಗಬೇಕು ಎಂಬ ಮಾತು ಬರುವುದೇ ಇಲ್ಲ. ‘ಬಂದ ಆರ್ಡರನ್ನೆಲ್ಲ ತೆಗೆದುಕೊಳ್ಳೋಣ, ಸರಕು ಇಲ್ಲದಿದ್ದರೆ ಆಮೇಲೆ ಹಣ ಹಿಂದಿರುಗಿಸಿದರಾಯಿತು’ ಎಂಬ ಧೋರಣೆ ವ್ಯಾಪಕವಾಗಿದೆ. ಈ ಧೋರಣೆ ಕಾನೂನಿನ ದೃಷ್ಟಿಯಿಂದ ಅಪಾಯಕಾರಿ, ಲೆಕ್ಕದ ದೃಷ್ಟಿಯಿಂದ ನಷ್ಟಕರ, ವ್ಯಾಪಾರ ಧರ್ಮದ ದೃಷ್ಟಿಯಿಂದ ತಪ್ಪು. ಪರದೆಯ ಮೇಲೆ ಕಾಣುವ ದಾಸ್ತಾನು ವರ್ತಕನು ಕೊಡುವ ಮಾತು. ಕೊಡಲಾಗದ್ದನ್ನು ಮೊದಲೇ ‘ಇಲ್ಲ’ ಎನ್ನುವುದರಿಂದ ಒಂದು ಮಾರಾಟ ಹೋಗಬಹುದು. ಹಣ ಪಡೆದು ಅನಂತರ ‘ಇಲ್ಲ’ ಎನ್ನುವುದರಿಂದ ಗ್ರಾಹಕನೇ ಹೋಗುತ್ತಾನೆ.

ಬೆಂಗಳೂರಿನದೇ ಒಂದು ಪಾಠ

ಈ ವಿಷಯದಲ್ಲಿ ದೂರದ ಉದಾಹರಣೆ ಹುಡುಕಬೇಕಾಗಿಲ್ಲ. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು ‘ಬಿಗ್ ಬಿಲಿಯನ್ ಡೇ’ ಎಂಬ ಒಂದು ದಿನದ ರಿಯಾಯಿತಿ ಮಾರಾಟವನ್ನು ಏರ್ಪಡಿಸಿತು. ಹತ್ತು ಗಂಟೆಗಳಲ್ಲಿ ಹತ್ತು ಕೋಟಿ ಡಾಲರ್, ಅಂದರೆ ಅಂದಿನ ದರದಲ್ಲಿ ಸುಮಾರು 600 ಕೋಟಿ ರೂಪಾಯಿ ಮೌಲ್ಯದ ಸರಕು ಮಾರಾಟವಾಯಿತೆಂದು ಸಂಸ್ಥೆ ಪ್ರಕಟಿಸಿತು. ಆದರೆ ಮರುದಿನವೇ ಸಂಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಅವರು ಗ್ರಾಹಕರಿಗೆ ಕ್ಷಮಾಪಣೆಯ ಪತ್ರ ಬರೆಯಬೇಕಾಯಿತು. ಸರಕು ಬೇಗನೆ ಮುಗಿದದ್ದು, ಬೆಲೆಗಳು ಬದಲಾದದ್ದು, ಒಪ್ಪಿದ ಆರ್ಡರುಗಳನ್ನು ರದ್ದುಪಡಿಸಬೇಕಾದದ್ದು, ಜಾಲತಾಣವೇ ತಡವರಿಸಿದ್ದು ಎಲ್ಲವನ್ನೂ ಅವರು ಒಪ್ಪಿಕೊಂಡರು. ಬೇಡಿಕೆಗೆ ತಕ್ಕಷ್ಟು ಸರಕನ್ನು ಮುಂಚಿತವಾಗಿ ಸಂಗ್ರಹಿಸಿರಲಿಲ್ಲವೆಂಬ ಮಾತೂ ಅದರಲ್ಲಿತ್ತು.

ಆ ಸಂಸ್ಥೆ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ಶ್ಲಾಘನೀಯ. ಬಂಡವಾಳವೂ ತಂತ್ರಜ್ಞರ ಪಡೆಯೂ ಇದ್ದುದರಿಂದ ಅದು ಚೇತರಿಸಿಕೊಂಡಿತು. ಜಿಲ್ಲಾ ಕೇಂದ್ರದ ಒಬ್ಬ ಜವಳಿ ವರ್ತಕರಿಗೋ ಮಸಾಲೆ ಪದಾರ್ಥಗಳ ತಯಾರಕರಿಗೋ ಅಂತಹ ಎರಡನೆಯ ಅವಕಾಶ ದೊರೆಯುವುದು ಕಷ್ಟ. ಹಬ್ಬದ ಮುನ್ನಾದಿನ ನೂರು ಆರ್ಡರುಗಳಲ್ಲಿ ಇಪ್ಪತ್ತನ್ನು ರದ್ದುಮಾಡಿದರೆ ಆ ಇಪ್ಪತ್ತು ಮನೆಗಳಲ್ಲಿ ಮಳಿಗೆಯ ಹೆಸರು ಕೆಟ್ಟಿತೆಂದೇ ಅರ್ಥ.

ಕಾನೂನು ಏನು ಹೇಳುತ್ತದೆ

ಅಂಗಡಿಯ ಕಪಾಟಿನಲ್ಲಿ ಸರಕನ್ನು ಪ್ರದರ್ಶಿಸುವುದು ಮಾರಾಟದ ಪ್ರಸ್ತಾವವಲ್ಲ, ಪ್ರಸ್ತಾವ ಮಾಡಲು ಗ್ರಾಹಕನಿಗೆ ನೀಡಿದ ಆಹ್ವಾನ ಮಾತ್ರ ಎಂಬುದು ವಾಣಿಜ್ಯ ಪದವಿಯ ಮೊದಲ ಪಾಠಗಳಲ್ಲಿ ಒಂದು. ಇಂಗ್ಲೆಂಡಿನ ಬೂಟ್ಸ್ ಔಷಧ ಮಳಿಗೆಯ ಪ್ರಕರಣದಲ್ಲಿ 1953ರಲ್ಲಿ ಬಂದ ತೀರ್ಪು ಇದಕ್ಕೆ ಆಧಾರ. ಜಾಲತಾಣದಲ್ಲಿ ಸರಕಿನ ಚಿತ್ರವನ್ನು ಹಾಕಿರುವುದಕ್ಕೂ ಇದೇ ತರ್ಕವನ್ನು ಅನ್ವಯಿಸಿ, ‘ಚಿತ್ರ ತೋರಿಸಿದ ಮಾತ್ರಕ್ಕೆ ಮಾರಲೇಬೇಕೆಂದಿಲ್ಲ’ ಎಂದು ಕೆಲವರು ಸಮಾಧಾನಪಡುತ್ತಾರೆ. ಈ ಸಮಾಧಾನಕ್ಕೆ ಮಿತಿಯಿದೆ. ಗ್ರಾಹಕನು ಆರ್ಡರ್ ಮಾಡಿ, ಹಣ ಕಟ್ಟಿ, ‘ನಿಮ್ಮ ಆರ್ಡರ್ ಖಚಿತವಾಗಿದೆ’ ಎಂಬ ಸಂದೇಶವನ್ನು ಪಡೆದ ಮೇಲೆ, ಅವನ ಪ್ರಸ್ತಾವಕ್ಕೆ ವರ್ತಕನ ಒಪ್ಪಿಗೆ ದೊರೆತಿದೆಯೆಂದು ವಾದಿಸಲು ಅವನಿಗೆ ಬಲವಾದ ಆಧಾರವಿರುತ್ತದೆ. ಸಂದೇಶವನ್ನು ಯಂತ್ರವೇ ಕಳುಹಿಸಿತೆಂಬ ನೆಪ ನಿಲ್ಲುವುದು ಕಷ್ಟ. ವಿದ್ಯುನ್ಮಾನ ಸಾಧನಗಳ ಮೂಲಕ ಏರ್ಪಟ್ಟಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದೆಂದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 10ಎ ಪ್ರಕರಣ ಸ್ಪಷ್ಟಪಡಿಸಿದೆ. ಕರಾರು ಏರ್ಪಟ್ಟ ಮೇಲೆ ಸರಕನ್ನು ಕೊಡದಿದ್ದರೆ ಸರಕು ಮಾರಾಟ ಅಧಿನಿಯಮ, 1930ರ 57ನೆಯ ಪ್ರಕರಣದಂತೆ ಖರೀದಿದಾರನು ನಷ್ಟಪರಿಹಾರ ಕೇಳಬಹುದು.

ಆದಕಾರಣ ‘ಆರ್ಡರ್ ತಲುಪಿದೆ’ ಎಂಬ ಸ್ವೀಕೃತಿಗೂ ‘ಆರ್ಡರನ್ನು ಒಪ್ಪಲಾಗಿದೆ’ ಎಂಬ ಅಂಗೀಕಾರಕ್ಕೂ ಇರುವ ಅಂತರವನ್ನು ಮಳಿಗೆಯ ಷರತ್ತುಗಳಲ್ಲಿಯೂ ಸಂದೇಶಗಳಲ್ಲಿಯೂ ಸ್ಪಷ್ಟವಾಗಿ ಬರೆಯಬೇಕು. ಸರಕನ್ನು ಕೈಯಲ್ಲಿ ಹಿಡಿದು ನೋಡಿ, ಕಟ್ಟಲು ತೆಗೆದಿರಿಸಿದ ಮೇಲಷ್ಟೇ ಎರಡನೆಯ ಸಂದೇಶ ಹೊರಡಬೇಕು.

ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 ಈ ಹೊಣೆಯನ್ನು ಮತ್ತಷ್ಟು ಬಿಗಿಗೊಳಿಸಿದೆ. ಅದರ ಅಡಿಯಲ್ಲಿ 2020ರ ಜುಲೈನಲ್ಲಿ ಹೊರಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ, ಖಚಿತಗೊಂಡ ಖರೀದಿಯನ್ನು ಗ್ರಾಹಕನು ರದ್ದುಪಡಿಸಿದಾಗ ಶುಲ್ಕ ವಿಧಿಸಬೇಕಾದರೆ, ಸಂಸ್ಥೆ ತಾನೇ ಏಕಪಕ್ಷೀಯವಾಗಿ ರದ್ದುಪಡಿಸಿದಾಗಲೂ ಅಂತಹುದೇ ಶುಲ್ಕವನ್ನು ತಾನು ಭರಿಸಬೇಕು. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ನೀಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸ್ವಂತ ಜಾಲತಾಣದಲ್ಲಿ ನಿಯತವಾಗಿ ಮಾರುವ ವರ್ತಕರು ಈ ನಿಯಮಗಳ ದೃಷ್ಟಿಯಲ್ಲಿ ಇ-ವಾಣಿಜ್ಯ ಸಂಸ್ಥೆಯೇ ಆಗುತ್ತಾರೆ; ಇತರರ ವೇದಿಕೆಯಲ್ಲಿ ಮಾರುವಾಗ ‘ಮಾರಾಟಗಾರ’ ಎನಿಸಿಕೊಳ್ಳುತ್ತಾರೆ. ಎರಡೂ ಕಡೆ ಮಾರುವವರಿಗೆ ಎರಡೂ ಬಗೆಯ ಹೊಣೆಗಳಿವೆಯೆಂಬುದನ್ನು ಮರೆಯಬಾರದು.

ಪುಸ್ತಕದ ದಾಸ್ತಾನು, ಪರದೆಯ ದಾಸ್ತಾನು

ಪರದೆಯ ಮೇಲಿನ ಸಂಖ್ಯೆ ನಿಜವಾಗಬೇಕಾದರೆ ಅದರ ಹಿಂದಿರುವ ದಾಸ್ತಾನು ಪುಸ್ತಕ ನಿಜವಾಗಿರಬೇಕು. ಇದು ಹೊಸ ಬೇಡಿಕೆಯೇನಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 56(2)ನೆಯ ನಿಯಮದಂತೆ, ರಾಜಿ ತೆರಿಗೆ ಪದ್ಧತಿಯಲ್ಲಿರುವವರ ಹೊರತು ಪ್ರತಿಯೊಬ್ಬ ನೋಂದಾಯಿತ ವರ್ತಕರೂ ಆರಂಭಿಕ ಶಿಲ್ಕು, ಬಂದ ಸರಕು, ಪೂರೈಸಿದ ಸರಕು, ಕಳೆದುಹೋದ, ಕಳವಾದ, ನಾಶವಾದ, ಉಚಿತ ಮಾದರಿಯಾಗಿ ಕೊಟ್ಟ ಸರಕು ಹಾಗೂ ಉಳಿಕೆಯ ಲೆಕ್ಕವನ್ನು ಇಟ್ಟಿರಲೇಬೇಕು. ಕಳೆದುಹೋದ ಅಥವಾ ನಾಶವಾದ ಸರಕಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದೆಂದು ಅಧಿನಿಯಮದ 17(5)ನೆಯ ಪ್ರಕರಣ ಹೇಳುತ್ತದೆ. ಈ ಪುಸ್ತಕವನ್ನು ವರ್ಷಾಂತ್ಯದಲ್ಲಿ ಒಮ್ಮೆಗೇ ಬರೆಯುವವರಿಗೆ ಆನ್‌ಲೈನ್ ವ್ಯಾಪಾರ ಒಗ್ಗುವುದಿಲ್ಲ. ಅದನ್ನು ದಿನದಿನವೂ ಬರೆಯುವವರಿಗೆ ಆನ್‌ಲೈನ್ ಮಳಿಗೆಯ ಅರ್ಧ ಕೆಲಸ ಮುಗಿದಂತೆಯೇ.

ಆದರೆ ಪುಸ್ತಕದಲ್ಲಿರುವ ಉಳಿಕೆಯೆಲ್ಲವೂ ಮಾರಾಟಕ್ಕೆ ಲಭ್ಯವಿರುವುದಿಲ್ಲ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಬ್ಬ ಸೀರೆ ವರ್ತಕರ ಬಳಿ ಒಂದೇ ವಿನ್ಯಾಸದ 60 ಸೀರೆಗಳಿವೆಯೆಂದು ಭಾವಿಸೋಣ. ಇವುಗಳಲ್ಲಿ 6 ಸೀರೆಗಳಿಗೆ ಆರ್ಡರ್ ಬಂದು ರವಾನೆ ಬಾಕಿಯಿದೆ. ಗ್ರಾಹಕರಿಂದ ಹಿಂದಿರುಗಿದ 3 ಸೀರೆಗಳ ಪರಿಶೀಲನೆ ಮುಗಿದಿಲ್ಲ. ಅಂಗಡಿಗೆ ಬರುವ ಗಿರಾಕಿಗಳಿಗಾಗಿ 5 ಸೀರೆಗಳು ಕಪಾಟಿನಲ್ಲಿರಬೇಕು. ಎಣಿಕೆಯ ದೋಷ, ನೇಯ್ಗೆಯ ದೋಷ ಇತ್ಯಾದಿಗಳಿಗೆ 4 ಸೀರೆಗಳನ್ನು ಮೀಸಲಿಡುವುದು ವಿವೇಕ. ಒಟ್ಟು 18ನ್ನು ಕಳೆದರೆ ಆನ್‌ಲೈನ್ ಮಾರಾಟಕ್ಕೆ ಲಭ್ಯವಿರುವುದು 42 ಮಾತ್ರ.

ಈ ವರ್ತಕರು ಸ್ವಂತ ಜಾಲತಾಣವಲ್ಲದೆ ಇನ್ನೆರಡು ವೇದಿಕೆಗಳಲ್ಲಿಯೂ ಮಾರುತ್ತಿದ್ದರೆ ಮತ್ತೊಂದು ಎಚ್ಚರಿಕೆ ಅಗತ್ಯ. ಮೂರೂ ಕಡೆ 60 ಎಂದು ತೋರಿಸಿದರೆ 60 ಸೀರೆಗಳು ಕಾಗದದ ಮೇಲೆ 180 ಆಗುತ್ತವೆ. ಮೂರೂ ಕಡೆಯ ಲೆಕ್ಕವನ್ನು ಕ್ಷಣಕ್ಷಣಕ್ಕೂ ಸರಿಹೊಂದಿಸುವ ತಂತ್ರಾಂಶ ಇಲ್ಲದವರು 42ನ್ನು 16, 13, 13 ಎಂದು ಹಂಚಿಡುವುದೇ ಸರಿಯಾದ ಮಾರ್ಗ. ಒಂದು ಕಡೆ ಬೇಗ ಮುಗಿದರೆ ಇನ್ನೊಂದು ಕಡೆಯಿಂದ ವರ್ಗಾಯಿಸಬಹುದು. ಆ ವರ್ಗಾವಣೆಯನ್ನು ಒಬ್ಬರೇ ನೌಕರರು ಮಾಡಬೇಕು, ಬರೆದಿಡಬೇಕು.

ವೇದಿಕೆಗಳು ಮಾರಾಟಗಾರರಿಗೆ ವಿಧಿಸುವ ರದ್ದತಿ ದಂಡದ ಬಗೆಗೆ ವರ್ತಕ ವಲಯದಲ್ಲಿ ಅಸಮಾಧಾನವಿದೆ. ಸಣ್ಣ ವರ್ತಕರಿಗೆ ಅದು ಭಾರವೆಂಬುದು ನಿಜ. ಆದರೆ ಇಲ್ಲದ ಸರಕನ್ನು ‘ಇದೆ’ ಎಂದು ತೋರಿಸಿದ್ದಕ್ಕೆ ಬೀಳುವ ದಂಡವನ್ನು ಅನ್ಯಾಯವೆನ್ನಲಾಗದು. ಅದಕ್ಕೆ ಪರಿಹಾರ ಮೀಸಲು ದಾಸ್ತಾನಿನಲ್ಲಿದೆ, ಮನವಿಪತ್ರದಲ್ಲಿಲ್ಲ.

ಕೊನೆಯ ಒಂದು ಸೀರೆ ಯಾರಿಗೆ?

ಅಂಗಡಿಯಲ್ಲಿ ಕೊನೆಯ ಸೀರೆ ಒಬ್ಬ ಗಿರಾಕಿಯ ಕೈಯಲ್ಲಿದ್ದರೆ ಇನ್ನೊಬ್ಬರು ಅದನ್ನು ಕೇಳುವುದಿಲ್ಲ. ಆನ್‌ಲೈನ್ ಮಳಿಗೆಯಲ್ಲಿ ಮೈಸೂರಿನ ಗ್ರಾಹಕರೂ ಮಂಗಳೂರಿನ ಗ್ರಾಹಕರೂ ಒಂದೇ ನಿಮಿಷದಲ್ಲಿ ಅದೇ ಸೀರೆಗೆ ಹಣ ಕಟ್ಟಬಹುದು. ಬುಟ್ಟಿಗೆ ಹಾಕಿದೊಡನೆಯೇ ಸರಕನ್ನು ಕಾಯ್ದಿರಿಸಿದರೆ, ಸುಮ್ಮನೆ ನೋಡಿ ಹೋಗುವವರಿಂದ ಸರಕು ಸಿಕ್ಕಿಹಾಕಿಕೊಳ್ಳುತ್ತದೆ. ಹಣ ಬಂದ ಮೇಲಷ್ಟೇ ದಾಸ್ತಾನು ಇಳಿಸಿದರೆ, ಒಂದೇ ಸರಕಿಗೆ ಇಬ್ಬರಿಂದ ಹಣ ಬಂದಿರುತ್ತದೆ. ಹಣ ಪಾವತಿಯ ಪುಟಕ್ಕೆ ಬಂದವರಿಗೆ ನಿರ್ದಿಷ್ಟ ಅವಧಿಯವರೆಗೆ, ಉದಾಹರಣೆಗೆ 15 ನಿಮಿಷ, ಸರಕನ್ನು ಕಾಯ್ದಿರಿಸಿ, ಪಾವತಿ ಆಗದಿದ್ದರೆ ಮರಳಿ ದಾಸ್ತಾನಿಗೆ ಸೇರಿಸುವುದು ನಡುವಣ ಮಾರ್ಗ. ಬಳಕೆಯಲ್ಲಿರುವ ಬಹುತೇಕ ಮಳಿಗೆ ತಂತ್ರಾಂಶಗಳಲ್ಲಿ ಇದಕ್ಕೆ ಒಂದಲ್ಲ ಒಂದು ರೀತಿಯ ಅವಕಾಶವಿದೆ. ಅದನ್ನು ಅಳವಡಿಸಲಾಗಿದೆಯೇ ಎಂದು ಕೇಳುವುದು ವರ್ತಕರ ಕರ್ತವ್ಯ.

ದಾಸ್ತಾನು ಮುಗಿದ ಮೇಲೂ ಆರ್ಡರ್ ಪಡೆಯುವ ಆಯ್ಕೆಯೂ ತಂತ್ರಾಂಶಗಳಲ್ಲಿದೆ. ಮಗ್ಗದಿಂದ ಹೊಸ ಸರಕು ಬರುವುದು ಖಚಿತವಿರುವಾಗ, ‘ಈ ದಿನಾಂಕದ ನಂತರ ರವಾನೆ’ ಎಂದು ಮೊದಲೇ ತಿಳಿಸಿ ಮುಂಗಡ ಪಡೆಯುವುದರಲ್ಲಿ ತಪ್ಪಿಲ್ಲ. ಭವಿಷ್ಯದಲ್ಲಿ ದೊರೆಯಲಿರುವ ಸರಕಿನ ಬಗೆಗೆ ಕರಾರು ಮಾಡಿಕೊಳ್ಳಲು 1930ರ ಅಧಿನಿಯಮವೇ ಅವಕಾಶ ನೀಡಿದೆ. ಆದರೆ ಹಾಗೆ ಬಂದ ಹಣ ಮಾರಾಟದ ಆದಾಯವಲ್ಲ, ಅದು ಹೊಣೆಗಾರಿಕೆ. ಅದನ್ನು ಗ್ರಾಹಕರ ಮುಂಗಡ ಖಾತೆಯಲ್ಲಿಯೇ ಇಡಬೇಕು. ಮನೆ ಬಾಡಿಗೆಗೋ ಹಳೆಯ ಸಾಲಕ್ಕೋ ತಿರುಗಿಸಬಾರದು. 2017ರ ನವೆಂಬರ್ 15ರ ಅಧಿಸೂಚನೆಯಂತೆ, ರಾಜಿ ಪದ್ಧತಿಯಲ್ಲಿಲ್ಲದ ವರ್ತಕರು ಸರಕಿಗೆ ಪಡೆದ ಮುಂಗಡದ ಮೇಲೆ ಆಗಲೇ ಜಿಎಸ್‌ಟಿ ಕಟ್ಟಬೇಕಾಗಿಲ್ಲ. ಇನ್‌ವಾಯ್ಸ್ ಹೊರಡಿಸಿದ ಮೇಲೆ ಆರ್ಡರ್ ರದ್ದಾದರೆ ಮಾತ್ರ ಕ್ರೆಡಿಟ್ ನೋಟ್ ನೀಡಿ, ಆ ತಿಂಗಳ ವಿವರಣೆಯಲ್ಲಿ ಸರಿಪಡಿಸಿ, ವೇದಿಕೆಯ ಲೆಕ್ಕದೊಡನೆ ತಾಳೆ ನೋಡಬೇಕಾಗುತ್ತದೆ. ಒಂದು ಸುಳ್ಳು ದಾಸ್ತಾನಿನ ಸಂಖ್ಯೆ ಲೆಕ್ಕಿಗರ ಮೇಜಿನ ಮೇಲೆ ನಾಲ್ಕು ಕಾಗದಗಳಾಗುತ್ತದೆ.

ಹಣದ ನಷ್ಟವೂ ಇದೆ. 2,000 ರೂಪಾಯಿಯ ಸೀರೆಗೆ ಕ್ರೆಡಿಟ್ ಕಾರ್ಡಿನ ಮೂಲಕ ಹಣ ಬಂದು, ಪಾವತಿ ಸಂಸ್ಥೆಯ ಶುಲ್ಕ ಶೇ. 2 ಎಂದು ಇಟ್ಟುಕೊಂಡರೆ 40 ರೂಪಾಯಿ. ಆರ್ಡರ್ ರದ್ದಾಗಿ ಹಣ ಹಿಂದಿರುಗಿಸಿದಾಗ ಈ ಶುಲ್ಕ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಸೀರೆಯೊಂದಕ್ಕೆ 300 ರೂಪಾಯಿ ಲಾಭವಿದ್ದರೆ, ಏಳು ಆರ್ಡರುಗಳ ರದ್ದತಿಯಿಂದ 280 ರೂಪಾಯಿ, ಅಂದರೆ ಒಂದು ಸೀರೆಯ ಲಾಭ ಬಹುಪಾಲು ಹೋದಂತೆ. ನೌಕರರ ಸಮಯ, ದೂರವಾಣಿಯಲ್ಲಿ ಕೇಳಬೇಕಾದ ಬೈಗುಳ ಈ ಲೆಕ್ಕದಲ್ಲಿ ಸೇರಿಲ್ಲ.

ಖರೀದಿ ಮಿತಿಯ ನ್ಯಾಯ

ಇನ್ನು ಎರಡನೆಯ ಪ್ರಶ್ನೆ: ಒಬ್ಬರಿಗೆ ಎಷ್ಟು? ಮಿತಿ ಹಾಕುವುದೆಂದರೆ ಬರುವ ಲಕ್ಷ್ಮಿಯನ್ನು ಹಿಂದಕ್ಕೆ ಕಳುಹಿಸಿದಂತೆ ಎಂಬ ಭಾವನೆ ಅನೇಕರಲ್ಲಿದೆ. ಆದರೆ ಮಿತಿ ಸಮರ್ಥನೀಯವಾಗುವ ಸಂದರ್ಭಗಳು ಮೂರಿವೆ. ಸರಕು ವಿರಳವಾಗಿರುವಾಗ ಹೆಚ್ಚು ಜನರಿಗೆ ತಲುಪಿಸಲು; ಚಿಲ್ಲರೆ ಗ್ರಾಹಕರಿಗೆಂದು ಕೊಟ್ಟ ರಿಯಾಯಿತಿಯ ಸರಕನ್ನು ಮರುಮಾರಾಟಗಾರರು ಸಗಟಾಗಿ ಎತ್ತದಂತೆ ತಡೆಯಲು; ದಿನವೊಂದಕ್ಕೆ ಕಟ್ಟಿ ಕಳುಹಿಸುವ ಸಾಮರ್ಥ್ಯ ಸೀಮಿತವಾಗಿರುವಾಗ. ಮಾವು, ಸಿಹಿತಿಂಡಿಗಳಂತಹ ಬೇಗ ಕೆಡುವ ಸರಕಿನಲ್ಲಿ ಮೂರನೆಯ ಕಾರಣವೇ ಮುಖ್ಯ. ದಿನಕ್ಕೆ ನೂರು ಪೆಟ್ಟಿಗೆ ಕಟ್ಟಬಲ್ಲವರು ಇನ್ನೂರು ಒಪ್ಪಿಕೊಂಡರೆ ಕೊನೆಯ ನೂರು ಪೆಟ್ಟಿಗೆಗಳು ಕೊಳೆತೇ ತಲುಪುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಮಿತಿಯನ್ನು ಹೇಗೆ ಹಾಕಬೇಕೆಂಬುದಕ್ಕೆ ರೈಲ್ವೆಯ ಅನುಭವ ಉಪಯುಕ್ತ. ಆನ್‌ಲೈನ್ ರೈಲು ಟಿಕೆಟ್ ಕೂಡ ಸೀಮಿತ ದಾಸ್ತಾನಿನ ಮಾರಾಟವೇ. ತತ್ಕಾಲ್ ಟಿಕೆಟ್ ಒಂದರಲ್ಲಿ ನಾಲ್ಕೇ ಪ್ರಯಾಣಿಕರೆಂಬ ಮಿತಿ ಬಹುಕಾಲದಿಂದ ಇದೆ. 2022ರ ಜೂನ್‌ನಲ್ಲಿ ಒಂದು ಬಳಕೆದಾರ ಖಾತೆಯ ಮಾಸಿಕ ಮಿತಿಯನ್ನು ಆಧಾರ್ ಜೋಡಣೆಯಿಲ್ಲದವರಿಗೆ 6ರಿಂದ 12ಕ್ಕೂ, ಜೋಡಣೆಯಿರುವವರಿಗೆ 12ರಿಂದ 24ಕ್ಕೂ ಏರಿಸಲಾಯಿತು. ಆದರೂ ಹಲವು ಖಾತೆಗಳನ್ನು ತೆರೆದು ಟಿಕೆಟ್ ಬಾಚುವವರ ಹಾವಳಿ ನಿಲ್ಲಲಿಲ್ಲ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್ ಟಿಕೆಟ್ಟಿಗೆ ಆಧಾರ್ ದೃಢೀಕರಣವನ್ನು ಕಡ್ಡಾಯಗೊಳಿಸಿ, ಮೊದಲ 30 ನಿಮಿಷ ಅಧಿಕೃತ ಏಜೆಂಟರನ್ನು ಹೊರಗಿಡಬೇಕಾಯಿತು. ಖಾತೆಗೆ ಹಾಕಿದ ಮಿತಿ ವ್ಯಕ್ತಿಗೆ ಹಾಕಿದ ಮಿತಿಯಾಗುವುದಿಲ್ಲ ಎಂಬುದು ಇದರಿಂದ ತಿಳಿಯುವ ಮೊದಲ ಸಂಗತಿ. ಎರಡನೆಯದು, ಕಾಯುವ ಪಟ್ಟಿ. ‘ಆಸನವಿಲ್ಲ, ನಿಮ್ಮ ಸರದಿ ಇಷ್ಟನೆಯದು’ ಎಂದು ಹಣ ಕಟ್ಟುವ ಮೊದಲೇ ಹೇಳುವ ಆ ಪದ್ಧತಿಯನ್ನು ಜನ ದೂರಿದರೂ ನಂಬುತ್ತಾರೆ.

ಹಾಗೆಂದು ಸೀರೆ ಮಾರುವವರು ಆಧಾರ್ ಕೇಳಲು ಹೊರಡಬಾರದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಆಶಯವೇ ಅಗತ್ಯಕ್ಕಿಂತ ಹೆಚ್ಚಿನ ಮಾಹಿತಿ ಪಡೆಯಬಾರದೆಂಬುದು. ದೂರವಾಣಿ ಸಂಖ್ಯೆ ಮತ್ತು ತಲುಪಿಸುವ ವಿಳಾಸ ಹೇಗೂ ಮಳಿಗೆಗೆ ದೊರೆಯುತ್ತವೆ. ಮಿತಿಗೆ ಅವೇ ಸಾಕು. ಮಿತಿಯನ್ನು ಸರಕಿನ ಬೆಲೆಯ ಪಕ್ಕದಲ್ಲಿಯೇ ಬರೆಯಬೇಕು, ಹಣ ಕಟ್ಟಿದ ಮೇಲೆ ಹೇಳಬಾರದು. ಒಂದೇ ವರ್ಗದ ಗ್ರಾಹಕರ ನಡುವೆ ತಾರತಮ್ಯ ಮಾಡಬಾರದೆಂದು 2020ರ ನಿಯಮಗಳು ಹೇಳುವುದರಿಂದ, ಪರಿಚಯಸ್ಥರಿಗೊಂದು ಅಪರಿಚಿತರಿಗೊಂದು ಮಿತಿ ಸಲ್ಲದು. ಹೆಚ್ಚು ಬೇಕಾದವರಿಗೆ ಸಗಟು ದರದ ಪ್ರತ್ಯೇಕ ಬಾಗಿಲು ತೆರೆದಿಟ್ಟರೆ ಮಿತಿಯಿಂದ ವ್ಯಾಪಾರ ಕುಗ್ಗುವ ಭಯವೂ ಇರದು. ಸಾಗಣೆಯ ವೆಚ್ಚ ಹುಟ್ಟದಷ್ಟು ಸಣ್ಣ ಆರ್ಡರುಗಳಿಗೆ ಕನಿಷ್ಠ ಮಿತಿ ಹಾಕುವಾಗಲೂ ಇದೇ ಪಾರದರ್ಶಕತೆ ಬೇಕು.

ಕೃತಕ ಕೊರತೆ ಎಂಬ ರೋಗ

ದಾಸ್ತಾನಿನ ಬಗೆಗೆ ಇನ್ನೊಂದು ಬಗೆಯ ಸುಳ್ಳೂ ಹರಡುತ್ತಿದೆ. ಗೋದಾಮಿನಲ್ಲಿ ಇನ್ನೂರು ಇರುವಾಗ ‘ಎರಡೇ ಉಳಿದಿವೆ, ತ್ವರೆ ಮಾಡಿ’ ಎಂದು ಪರದೆಯ ಮೇಲೆ ಮಿನುಗಿಸುವುದು. ಇದನ್ನು ಮಾರಾಟದ ಜಾಣ್ಮೆಯೆಂದು ಕಲಿಸುವವರಿದ್ದಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು ಗ್ರಾಹಕರನ್ನು ದಾರಿತಪ್ಪಿಸುವ 13 ತಂತ್ರಗಳನ್ನು ಪಟ್ಟಿಮಾಡಿವೆ; ಅವುಗಳಲ್ಲಿ ಮೊದಲನೆಯದೇ ಈ ಸುಳ್ಳು ತುರ್ತು. ಇದರ ವಿರುದ್ಧ ದಿಕ್ಕಿನ ತಪ್ಪನ್ನು, ಅಂದರೆ ಸಾಕಷ್ಟು ಸರಕಿಲ್ಲದೆ ಆಕರ್ಷಕ ಬೆಲೆಯ ಜಾಹೀರಾತು ನೀಡಿ ಗ್ರಾಹಕರನ್ನು ಸೆಳೆಯುವುದನ್ನು, 2019ರ ಅಧಿನಿಯಮದ 2(47)ನೆಯ ಪ್ರಕರಣ ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ಇಲ್ಲದ್ದನ್ನು ಇದೆಯೆನ್ನುವುದೂ ಇರುವುದನ್ನು ಇಲ್ಲವೆನ್ನುವುದೂ ಕಾನೂನಿನ ದೃಷ್ಟಿಯಲ್ಲಿ ಒಂದೇ ಕುಲದವು.

ಪ್ರತಿಸ್ಪರ್ಧಿಗಳೆಲ್ಲ ಹೀಗೆಯೇ ಮಾಡುತ್ತಿರುವಾಗ ಒಬ್ಬರೇ ಸತ್ಯ ಹೇಳಿ ಬದುಕುವುದು ಹೇಗೆ ಎಂಬ ಪ್ರಶ್ನೆ ಸಹಜ. ‘ವ್ಯಾಪಾರಂ ದ್ರೋಹ ಚಿಂತನಂ’ ಎಂಬ ಮಾತು ಚಾಲ್ತಿಗೆ ಬಂದದ್ದೂ ಇಂತಹ ಸಮಾಧಾನಗಳಿಂದಲೇ. ಆದರೆ ಸಣ್ಣ ವರ್ತಕರು ಬೃಹತ್ ಸಂಸ್ಥೆಗಳೊಡನೆ ಬೆಲೆಯಲ್ಲಿಯೂ ಜಾಹೀರಾತಿನಲ್ಲಿಯೂ ಸೆಣಸಲಾರರು. ಅವರಿಗೆ ಉಳಿದಿರುವ ಬಂಡವಾಳ, ‘ಅವರ ಮಳಿಗೆಯಲ್ಲಿ ಇದೆಯೆಂದರೆ ಇದೆ’ ಎಂಬ ಹೆಸರು. ಅದನ್ನು ಕಳೆದುಕೊಂಡರೆ ಸೆಣಸಲು ಬೇರೇನೂ ಉಳಿಯುವುದಿಲ್ಲ.

ವಾಣಿಜ್ಯ ಸಂಸ್ಥೆಗಳ ಪಾತ್ರ

ಈ ದಿಸೆಯಲ್ಲಿ ರಾಜ್ಯದ ಜಿಲ್ಲಾ ವಾಣಿಜ್ಯೋದ್ಯಮ ಸಂಸ್ಥೆಗಳು ಮೂರು ಕೆಲಸಗಳನ್ನು ಕೈಗೊಳ್ಳಬಹುದು. ಆರ್ಡರ್ ಸ್ವೀಕೃತಿ, ಅಂಗೀಕಾರ, ರದ್ದತಿ, ಮರುಪಾವತಿ ಮತ್ತು ಖರೀದಿ ಮಿತಿಗಳ ಬಗೆಗೆ ಸರಳ ಕನ್ನಡದಲ್ಲಿ ಒಂದು ಮಾದರಿ ಷರತ್ತುಪಟ್ಟಿಯನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು ಮೊದಲನೆಯದು. ಹಬ್ಬದ ಮಾರಾಟ ಆರಂಭವಾಗುವುದಕ್ಕೆ ಎರಡು ತಿಂಗಳು ಮುಂಚೆ ದಾಸ್ತಾನು ಲೆಕ್ಕದ ಕಾರ್ಯಾಗಾರ ನಡೆಸುವುದು ಎರಡನೆಯದು; ಅದರಲ್ಲಿ ಮಾಲೀಕರ ಜೊತೆಗೆ ಗೋದಾಮಿನ ಗುಮಾಸ್ತರೂ ಕುಳಿತಿರಬೇಕು. ಮಾರಾಟ ವೇದಿಕೆಗಳೊಡನೆ ಮಾತುಕತೆ ನಡೆಸಿ, ಪ್ರಾಮಾಣಿಕವಾಗಿ ದಾಸ್ತಾನು ಇಳಿಸಿದ ಸಣ್ಣ ಮಾರಾಟಗಾರರಿಗೆ ಹುಡುಕಾಟದ ಪಟ್ಟಿಯಲ್ಲಿ ಹಿನ್ನಡೆಯಾಗದಂತೆ ನೋಡಿಕೊಳ್ಳಬೇಕೆಂದು ಒತ್ತಾಯಿಸುವುದು ಮೂರನೆಯದು.

ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುವ ಸಂಪ್ರದಾಯ ಅನೇಕ ಮಳಿಗೆಗಳಲ್ಲಿ ಇನ್ನೂ ಉಳಿದಿದೆ. ಆ ಪೂಜೆಗೆ ಒಂದು ವಾರ ಮುಂಚೆ ಗೋದಾಮಿಗೆ ಹೋಗಿ ಪ್ರತಿಯೊಂದು ಸರಕನ್ನೂ ಕೈಯಿಂದ ಎಣಿಸಿ, ಪುಸ್ತಕದ ಉಳಿಕೆಯೊಡನೆಯೂ ಪರದೆಯ ಸಂಖ್ಯೆಯೊಡನೆಯೂ ತಾಳೆ ನೋಡುವ ಪದ್ಧತಿಯನ್ನು ವರ್ತಕ ಬಾಂಧವರು ರೂಢಿಸಿಕೊಂಡರೆ, ಹಬ್ಬದ ದಿನ ಯಾವ ಗ್ರಾಹಕರಿಗೂ ಕ್ಷಮಾಪಣೆಯ ಪತ್ರ ಬರೆಯುವ ಪ್ರಸಂಗ ಒದಗುವುದಿಲ್ಲ.